ಉಜ್ಜನಪ್ಪ ಮೇಷ್ಟ್ರ ಮಾತಿನ ದವಾಖಾನೆ

ಹರಿಹರದಿಂದ ದಾವಣಗೆರೆಗೆ ಬರುವ ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ಉಜ್ಜನಪ್ಪ ಮೇಷ್ಟ್ರ ಪಕ್ಕದ ಜಾಗ ಸಾಮಾನ್ಯವಾಗಿ ಖಾಲಿ ಇರುತ್ತಿತ್ತು. ಅವರೇನು ಜಗಳಗಂಟರಲ್ಲ. ಹೊಗೆಸೊಪ್ಪು ಹಾಕಿ ಕಿಟಕಿಯಾಚೆ ಉಗುಳುವ ಚಾಳಿಯೂ ಇರಲಿಲ್ಲ. ಮಾತಾಡುತ್ತಿರಲಿಲ್ಲ, ಅಷ್ಟೆ. ನಮ್ಮ ಕಡೆಯವರು ರೈಲು ಹತ್ತುವುದೇ ಅರ್ಧ ಮಾತಿನ ಆಸೆಗೆ. "ಹತ್ತಿ ರೇಟು ಹೆಂಗೈತ್ರಿ?" ಎಂದು ಶುರು ಮಾಡಿದವರಿಗೆ ಇಳಿಯುವ ಸ್ಟೇಷನ್ ಬರುವಷ್ಟರಲ್ಲಿ ಎದುರಿನವನ ಬೀಗರ ಮನೆ ಜಗಳದವರೆಗೂ ತಿಳಿದಿರಬೇಕು. ಅಂಥವರು ಮೇಷ್ಟ್ರನ್ನು ಒಂದೆರಡು ಸಲ ಕೆಣಕಿ ನೋಡಿ, "ಹೂಂ" ಎನ್ನುವುದರಾಚೆ ಏನೂ ಹುಟ್ಟದೆ, ಬೇರೆ ಬೆಂಚು ಹುಡುಕಿಕೊಂಡಿದ್ದರು. ಆ ಖಾಲಿ ಜಾಗದಲ್ಲಿ ಮೇಷ್ಟ್ರು ತಮ್ಮ ಕೊಡೆಯನ್ನು ಮಲಗಿಸುತ್ತಿದ್ದರು.

ಅವರು ಹುಟ್ಟಿದಾಗಿನಿಂದ ಹೀಗಿದ್ದವರಲ್ಲ. ಹರಿಹರದ ಹತ್ತಿರದ ಸಾರಥಿಯಲ್ಲಿ ಅವರದು ತುಂಬಿದ ಮನೆ. ಅಪ್ಪ ಊರಿನ ಗೌಡಿಕೆ ಮಾಡಿದವರು. ಬಸವಣ್ಣನ ಗುಡಿಯ ಮುಂದಿನ ಕಟ್ಟೆಯ ಮೇಲೆ ಅವರು ಕೂತರೆಂದರೆ, ಬದುವಿನ ಜಗಳವಿರಲಿ, ಅತ್ತೆ ಸೊಸೆಯ ಜಗಳವಿರಲಿ, ಹೊತ್ತು ಮುಳುಗುವುದರೊಳಗೆ ಇತ್ಯರ್ಥವಾಗಿ ಎರಡೂ ಕಡೆಯವರ ಕೈಗೆ ಎಲೆ ಅಡಿಕೆ ಬೀಳುತ್ತಿತ್ತು. ಕಟ್ಟೆಯ ಮೇಲೆ ಮುಚ್ಚುಮರೆ ಇರಲಿಲ್ಲ. ಹೊಟ್ಟೆಯಲ್ಲಿದ್ದದ್ದನ್ನು ಜನರ ಮುಂದೆ ತೆಗೆದಿಟ್ಟರೆ ಅರ್ಧ ಜಗಳ ಅಲ್ಲೇ ಸಾಯುತ್ತದೆ ಎಂದು ಗೌಡರು ನಂಬಿದ್ದರು. ಆ ಕಟ್ಟೆಯ ಮೂಲೆಯಲ್ಲಿ ಕೂತು ಬೆಳೆದ ಮಗ ಕೂಡ ಅದನ್ನೇ ನಂಬಿದ.

ಉಜ್ಜನಪ್ಪನವರ ಹೆಂಡತಿ ಬಸವಣ್ಣೆಮ್ಮ ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡಳು. ಕೂಸೂ ಉಳಿಯಲಿಲ್ಲ. ಮನೆ ತುಂಬ ಜನ. ಎಲ್ಲರೂ ಸಮಾಧಾನ ಹೇಳಿದರು, ವರ್ಷ ತುಂಬುವ ಮೊದಲೇ ಇನ್ನೊಂದು ಹೆಣ್ಣಿನ ಮಾತೆತ್ತಿದರು. ಆದರೆ ಆ ದಿನ ಏನಾಯಿತು, ನೀನೆಲ್ಲಿದ್ದೆ, ನಿನಗೆ ಹೇಗಾಯಿತು ಎಂದು ಒಬ್ಬರೂ ಕೇಳಲಿಲ್ಲ. ಹೇಳುವವರೇ ಎಲ್ಲ, ಕೇಳುವವರಿಲ್ಲ. ಮೇಷ್ಟ್ರು ಹರಿಹರದ ಗುಡಿಯ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದರು. ಒಂದು ತಟ್ಟೆ, ಒಂದು ತಂಬಿಗೆ, ಒಂದು ಒಲೆ. ಬೆಳಿಗ್ಗೆ ಹೊಳೆಯಲ್ಲಿ ಸ್ನಾನ, ಲಿಂಗಪೂಜೆ, ರೈಲು, ದಾವಣಗೆರೆಯ ಹೈಸ್ಕೂಲಿನಲ್ಲಿ ಚರಿತ್ರೆಯ ಪಾಠ, ಸಂಜೆಯ ರೈಲು. ಯಾರೊಂದಿಗೂ ಮಾತಿಲ್ಲದೆ ವರ್ಷಗಳು ಹೋದವು. ಒಂಟಿತನ ಅವರಿಗೆ ಒಗ್ಗಿತ್ತು ಎಂದು ಜನ ಹೇಳುತ್ತಿದ್ದರು. ಸುಳ್ಳು. ಅದು ಯಾರಿಗೂ ಒಗ್ಗುವುದಿಲ್ಲ. ತೋರಿಸಿಕೊಳ್ಳದಿರುವುದು ಮಾತ್ರ ರೂಢಿಯಾಗುತ್ತದೆ.

ಸಾವಿರದ ಒಂಬೈನೂರ ಐವತ್ತೆಂಟರ ಬೇಸಿಗೆಯಲ್ಲಿ ಮೈಸೂರಿನಲ್ಲಿ ಹೈಸ್ಕೂಲು ಮೇಷ್ಟ್ರುಗಳಿಗೆ ಒಂದು ತರಬೇತಿ ನಡೆಯಿತು. ಪ್ರತಿ ಶಾಲೆಯಿಂದ ಒಬ್ಬರು ಹೋಗಬೇಕು. ರಜೆಯಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ಹೋಗಲು ಯಾರೂ ಒಪ್ಪಲಿಲ್ಲ. "ಉಜ್ಜನಪ್ಪನವರಿಗೆ ಮನ್ಯಾಗ ಏನು ಕೆಲಸ ಐತೆ" ಎಂದು ಹೆಡ್‌ಮೇಷ್ಟ್ರು ಅವರ ಹೆಸರು ಬರೆದರು. ಊರಲ್ಲೇ ಅತ್ಯಂತ ಕಡಿಮೆ ಮಾತಿನ ಮನುಷ್ಯನನ್ನು ಮಾತಿನ ವಿದ್ಯೆ ಕಲಿಯಲು ಕಳಿಸಿದ್ದು ಹೀಗೆ.

ಅಲ್ಲಿ ಪಾಠ ಹೇಳಿದವರು ವಿಲಾಯಿತಿಯಲ್ಲಿ ಓದಿ ಬಂದಿದ್ದ ಒಬ್ಬ ಮನಸ್ಸಿನ ಡಾಕ್ಟರು. ಸಣ್ಣವರನ್ನು ಕಾಡುವ ಹುಡುಗನನ್ನು ನೀವು ಬೆತ್ತದಿಂದ ಹೊಡೆದರೆ, ಬಲವಿದ್ದವನು ಹೊಡೆಯಬಹುದು ಎಂಬುದನ್ನೇ ಅವನು ಕಲಿಯುತ್ತಾನೆ ಎಂದು ಅವರು ಹೇಳಿದರು. ಅವನನ್ನು ಕರೆದು ಕೂಡಿಸಿ, ಅವನು ಮಾತಾಡಲಿ, ನೀವು ಕೇಳಿ. ಬುದ್ಧಿವಾದ ಬೇಡ. ಅವನು ಹೇಳಿದ್ದು ಆ ಕೋಣೆಯ ಹೊಸ್ತಿಲು ದಾಟಬಾರದು.

ಇಷ್ಟೇ ವಿದ್ಯೆ. ಮೇಷ್ಟ್ರಿಗೆ ಎಲ್ಲವೂ ಹಿಡಿಸಿತು, ಕೊನೆಯದೊಂದನ್ನು ಬಿಟ್ಟು. ಹೊಸ್ತಿಲು ದಾಟದ ಮಾತಿನಿಂದ ಇತ್ಯರ್ಥ ಹೇಗಾದೀತು ಎಂದು ಅವರ ಒಳಗಿದ್ದ ಸಾರಥಿಯ ಗೌಡರು ತಲೆ ಆಡಿಸಿದರು. ತಲೆ ಆಡಿಸಿ ಸುಮ್ಮನಾದರು ಎಂದುಕೊಂಡು ಮೇಷ್ಟ್ರು ಊರಿಗೆ ಬಂದರು.

ಶಾಲೆಯ ಹಿಂದೆ ಹಳೆಯ ನಕಾಶೆಗಳನ್ನು ಇಟ್ಟಿದ್ದ ಕೋಣೆಯೊಂದಿತ್ತು. ಅದನ್ನು ಗುಡಿಸಿ ಎರಡು ಸ್ಟೂಲು ಹಾಕಿಸಿದರು. ಡ್ರಿಲ್ ಮೇಷ್ಟ್ರು ಅದಕ್ಕೆ ಅಂದೇ ನಾಮಕರಣ ಮಾಡಿಬಿಟ್ಟರು: ಮಾತಿನ ದವಾಖಾನೆ. "ಇವತ್ತು ಎಷ್ಟು ಮಂದಿಗೆ ಔಷಧ ಕುಡಿಸಿದ್ರಿ ಡಾಕ್ಟರೇ?" ಎಂದು ಸ್ಟಾಫ್ ರೂಮಿನಲ್ಲಿ ನಗುತ್ತಿದ್ದರು. ಹುಡುಗರಿಗಂತೂ ಹಬ್ಬ. ಬೆತ್ತ ತಪ್ಪಿತಲ್ಲ. ಬಂದು ಕೂತು, "ತಪ್ಪಾತ್ರಿ ಸಾರ್" ಎಂದು ಮುಖ ಸಪ್ಪೆ ಮಾಡಿ, ಹೊರಗೆ ಹೋದ ತಕ್ಷಣ ಮತ್ತೊಬ್ಬನ ಟೋಪಿ ಎಗರಿಸುತ್ತಿದ್ದರು. ಮೇಷ್ಟ್ರು ಬೇಸರಪಡಲಿಲ್ಲ. ಸುಮ್ಮನೆ ಕೂರುವುದೊಂದು ವಿದ್ಯೆಯಾದರೆ ಅದರಲ್ಲಿ ಅವರಿಗೆ ತರಬೇತಿ ಬೇಕಿರಲಿಲ್ಲ.

ಆ ವರ್ಷ ಶಾಲೆಗೆ ದೊಡ್ಡ ತಲೆನೋವಾಗಿದ್ದವನು ಬೋರಣ್ಣ, ಒಂಬತ್ತನೇ ಕ್ಲಾಸು. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಗಿಡ್ಡಪ್ಪನ ಮಗ. ಮೈಕಟ್ಟು ದೊಡ್ಡವರದು, ಬಟ್ಟೆಯಲ್ಲಿ ಸದಾ ಹೊಗೆಯ ವಾಸನೆ. ಅವನು ಎಲ್ಲರನ್ನೂ ಕಾಡಿದ್ದರೆ ಯಾರೂ ಅಷ್ಟು ಗಮನಿಸುತ್ತಿರಲಿಲ್ಲವೇನೋ. ಅವನು ಕಾಡುತ್ತಿದ್ದದ್ದು ಒಬ್ಬನನ್ನೇ, ಹರಿಹರದಿಂದ ರೈಲಿನಲ್ಲಿ ಬರುವ ಎಂಟನೇ ಕ್ಲಾಸಿನ ಸೂರಪ್ಪನನ್ನು. ರೈಲ್ವೆ ಗ್ಯಾಂಗ್‌ಮನ್ ಮಾರಪ್ಪನ ಮಗ, ತೆಳ್ಳಗೆ ಬೆಳ್ಳಗೆ ಒಂದು ಹುಡುಗ. ಮಧ್ಯಾಹ್ನ ಅವನು ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದರೆ ಸಾಕು, ಬೋರಣ್ಣ ಬಂದು ಕುತ್ತಿಗೆ ಹಿಡಿದು ನೆಲಕ್ಕೆ ಒತ್ತಿ ಬುತ್ತಿಯನ್ನು ಕಸಿದುಕೊಂಡು ಹೋಗುತ್ತಿದ್ದ. ಉಳಿದ ಹುಡುಗರು ನಗುತ್ತಿದ್ದರು. ಡ್ರಿಲ್ ಮೇಷ್ಟ್ರ ಬೆತ್ತ ಎರಡು ಮುರಿದವು, ಅಭ್ಯಾಸ ಮುರಿಯಲಿಲ್ಲ. ದಸರೆಯ ಹೊತ್ತಿಗೆ ಸೂರಪ್ಪ ಶಾಲೆಗೆ ಬರುವುದನ್ನೇ ಬಿಟ್ಟ.

"ಅವನಿಗೆ ಟಿ.ಸಿ. ಕೊಟ್ಟು ಕಳಿಸ್ತೀನಿ" ಎಂದರು ಹೆಡ್‌ಮೇಷ್ಟ್ರು.

"ಸ್ವಲ್ಪ ದಿನ ನನ್ನ ಕೈಗೆ ಕೊಡ್ರಿ" ಎಂದರು ಉಜ್ಜನಪ್ಪ ಮೇಷ್ಟ್ರು. ಅವರು ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ಅದೇ ಮೊದಲಾದ್ದರಿಂದ ಹೆಡ್‌ಮೇಷ್ಟ್ರಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಕ್ರಿಸ್‌ಮಸ್ ರಜೆಯವರೆಗೆ ಗಡುವು ಸಿಕ್ಕಿತು. ಸೂರಪ್ಪನ ಮನೆಗೆ ಮೇಷ್ಟ್ರೇ ಹೋಗಿ, ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಕೂತು ಉಣ್ಣಲಿ ಎಂದು ಮಾರಪ್ಪನನ್ನು ಒಪ್ಪಿಸಿ ಹುಡುಗನನ್ನು ಮತ್ತೆ ಕರೆತಂದರು.

ಬೋರಣ್ಣ ದವಾಖಾನೆಗೆ ಬಂದ. ಉಳಿದವರ ಹಾಗೆ ತಪ್ಪಾಯಿತು ಎನ್ನಲಿಲ್ಲ. ಏನೂ ಎನ್ನಲಿಲ್ಲ. ಸ್ಟೂಲಿನ ಮೇಲೆ ಕೂತು ಗೋಡೆ ನೋಡಿದ. ಮೇಷ್ಟ್ರೂ ಗೋಡೆ ನೋಡಿದರು. ಮಿಲ್ಲಿನ ಪಾಳಿ ಬದಲಾಗುವ ಸೈರನ್ ಕೂಗಿತು, ಇಬ್ಬರೂ ಎದ್ದು ಹೋದರು. ಎಷ್ಟೋ ದಿನ ಹೀಗೇ ನಡೆಯಿತು. ಮೇಷ್ಟ್ರು ಮಧ್ಯಾಹ್ನಕ್ಕೆಂದು ಜೇಬಿನಲ್ಲಿ ಶೇಂಗಾ ಇಟ್ಟುಕೊಳ್ಳುತ್ತಿದ್ದರು. ಒಂದು ದಿನ ಅದನ್ನು ಕಿಟಕಿಯ ಕಟ್ಟೆಯ ಮೇಲೆ ಸುರಿದರು. ಇಬ್ಬರೂ ಸುಲಿದರು. ಇನ್ನೊಬ್ಬರು ಎದುರಿಗಿರುವಾಗ ಸುಮ್ಮನಿರುವುದಕ್ಕೂ ಕೋಣೆಯಲ್ಲಿ ಒಬ್ಬರೇ ಸುಮ್ಮನಿರುವುದಕ್ಕೂ ಎಷ್ಟು ವ್ಯತ್ಯಾಸ ಎಂದು ಮೇಷ್ಟ್ರಿಗೆ ಅನ್ನಿಸಿತು. ಶಾಲೆಯ ಕೊನೆಯ ಗಂಟೆಗಾಗಿ ಅವರು ಕಾಯತೊಡಗಿದರು.

ಮೊದಲ ಮಾತು ಮಂಡಕ್ಕಿಯದು. "ಮರಳು ಎಷ್ಟು ಕಾದೈತೆ ಅಂತ ಹೆಂಗೆ ಗೊತ್ತಾಗ್ತೈತೆ ಹೇಳ್ರಿ ಸಾರ್" ಎಂದು ಬೋರಣ್ಣ ಒಂದು ಸಂಜೆ ಗೋಡೆಗೆ ಹೇಳಿದ. ಮೇಷ್ಟ್ರಿಗೆ ಗೊತ್ತಿರಲಿಲ್ಲ. ನಾಕು ಕಾಳು ಒಗೆದು ನೋಡಬೇಕು, ತಡವಾಗಿ ಅರಳಿದರೆ ಹಸಿ, ಬಿದ್ದ ಕೂಡಲೇ ಕೆಂಪಾದರೆ ಜಾಸ್ತಿ ಎಂದು ಹುಡುಗ ವಿವರಿಸಿದ. ಶಾಲೆ ಬಿಟ್ಟ ಮೇಲೆ ಅವನೂ ಅಪ್ಪನ ಜೊತೆ ಭಟ್ಟಿಯಲ್ಲಿ ಜರಡಿ ಹಿಡಿಯುತ್ತಿದ್ದನಂತೆ. ಅಲ್ಲಿಂದ ಮಾತು ದಿನಕ್ಕಿಷ್ಟು ಬೆಳೆಯಿತು. ಅಪ್ಪನ ಕೈ ಜೋರು ಎಂಬುದು ಬಂತು. ಮನೆಯಲ್ಲಿ ಇಬ್ಬರೂ ಗಂಡಸರೇ ಎಂಬುದು ಬಂತು.

ಡಿಸೆಂಬರಿನ ಒಂದು ಸಂಜೆ ಬೋರಣ್ಣ ಶೇಂಗಾ ಸುಲಿಯುವುದನ್ನು ನಿಲ್ಲಿಸಿದ.

"ಅವನ ಬುತ್ತಿ ಯಾಕ ಕಸ್ಕಂತಿದ್ದೆ ಅಂತ ನೀವು ಕೇಳಂಗೇ ಇಲ್ಲೇನ್ರಿ ಸಾರ್?"

"ನಿನಗ ಹೇಳಬೇಕು ಅನ್ನಿಸಿದ್ರ ಹೇಳು."

"ಅದು ನಮ್ಮವ್ವನ ರೊಟ್ಟಿ ರೀ."

ಮೇಷ್ಟ್ರು ಅವನನ್ನು ನೋಡಿದರು. ಹುಡುಗ ಗೋಡೆಯನ್ನೇ ನೋಡುತ್ತಾ ಹೇಳಿದ. ಅವನು ಎಂಟು ವರ್ಷದವನಿದ್ದಾಗ ತಾಯಿ ಮೈಲಮ್ಮ ಗಿಡ್ಡಪ್ಪನ ಹೊಡೆತ ತಾಳದೆ ಮನೆ ಬಿಟ್ಟಿದ್ದಳು. ಆಮೇಲೆ ಹರಿಹರದಲ್ಲಿ ಹೆಂಡತಿ ಸತ್ತಿದ್ದ ಒಬ್ಬನ ಜೊತೆ ಅವಳಿಗೆ ಉಡಿಕೆಯಾಯಿತು. ಗಂಡನನ್ನು ಬಿಟ್ಟವಳು ಹೀಗೆ ಸೀರೆ ಉಡಿಸಿಕೊಂಡು ಇನ್ನೊಂದು ಮನೆ ಸೇರುವುದನ್ನು ಅವರ ಜನ ಒಪ್ಪುತ್ತಾರೆ. ಆದರೆ ಹಳೆಯ ಮನೆಯ ಕಡೆ ತಿರುಗಿ ನೋಡುವಂತಿಲ್ಲ, ಮಕ್ಕಳು ತಂದೆಯ ಪಾಲು. ಏಳು ವರ್ಷ ಬೋರಣ್ಣ ತಾಯಿಯ ಮುಖ ನೋಡಿರಲಿಲ್ಲ.

"ನಮ್ಮವ್ವ ರೊಟ್ಟಿ ಬಡದು ಹಂಚಿಗೆ ಹಾಕೋ ಮುಂಚೆ ಅಂಚಿನಾಗ ಹೆಬ್ಬೆರಳು ಒತ್ತುತಾಳ್ರಿ. ಯಾಕೋ ಏನೋ. ನಾನು ಸಣ್ಣವನಿದ್ದಾಗ ಆ ಗುಳಿಯಾಗ ಬೆಣ್ಣಿ ಇಟ್ಟು ಕೊಡ್ತಿದ್ಲು. ಜೂನ್ ತಿಂಗಳಾಗ ಸೂರ ಮರದ ಕೆಳಗ ಬುತ್ತಿ ಬಿಚ್ಚಿದ. ನೋಡ್ತೀನಿ, ಅದೇ ಗುಳಿ."

ಒಮ್ಮೆ ಟಿಕೆಟ್ಟಿಲ್ಲದೆ ಸಂಜೆಯ ಗಾಡಿ ಹತ್ತಿ ಸೂರಪ್ಪನ ಹಿಂದೆ ಹರಿಹರದವರೆಗೂ ಹೋಗಿದ್ದನಂತೆ. ಸ್ಟೇಷನ್ನಿನಲ್ಲಿ ಮೈಲಮ್ಮ ಮಲಮಗನಿಗಾಗಿ ಕಾದಿದ್ದಳು. ಗಾಡಿಯ ಮಸಿ ಹತ್ತಿದ್ದ ಅವನ ಮುಖವನ್ನು ಸೆರಗಿನಿಂದ ಒರೆಸಿದಳು. ಬೋರಣ್ಣ ನೀರಿನ ತೊಟ್ಟಿಯ ಹಿಂದೆ ನಿಂತು ನೋಡಿ, ಮುಂದಿನ ಗಾಡಿಗೆ ತಿರುಗಿ ಬಂದಿದ್ದ. ಕಸಿದ ಬುತ್ತಿಯನ್ನು ಅವನು ಒಂದು ದಿನವೂ ಎಸೆದಿರಲಿಲ್ಲ. ಲ್ಯಾಬೊರೇಟರಿಯ ಹಿಂದೆ ಕೂತು ಒಬ್ಬನೇ ತಿನ್ನುತ್ತಿದ್ದ.

"ಸೂರಗ ಇದು ಗೊತ್ತಿಲ್ರಿ. ಅಪ್ಪಗಂತೂ ಗೊತ್ತಾಗಬಾರದು" ಎಂದ. ಕೈಯಲ್ಲಿದ್ದ ಶೇಂಗಾ ಕಟ್ಟೆಯ ಮೇಲಿಟ್ಟು ಕೇಳಿದ, "ಇದು ಇಲ್ಲೇ ಇರ್ತೈತಲ್ರಿ ಸಾರ್?"

"ಇಲ್ಲೇ ಇರ್ತೈತೆ" ಎಂದರು ಮೇಷ್ಟ್ರು.

ಅಂದು ಸಂಜೆ ರೈಲಿನಲ್ಲಿ ಮೇಷ್ಟ್ರ ಎದೆ ತುಂಬಿತ್ತು. ಯಾರೋ ಒಬ್ಬರು ತಮ್ಮನ್ನು ನಂಬಿ ಮಾತು ಕೊಟ್ಟಿದ್ದಾರೆ ಎಂಬ ಸಂತೋಷ ಎಷ್ಟೋ ವರ್ಷದ ಮೇಲೆ ಬಂದದ್ದು. ಆ ಸಂತೋಷವೇ ಅವರನ್ನು ಹಾಳುಮಾಡಿತು. ಗಡುವು ಮುಗಿಯುತ್ತಿದೆ, ಹೆಡ್‌ಮೇಷ್ಟ್ರು ಟಿ.ಸಿ. ಬರೆದಿಟ್ಟಿದ್ದಾರೆ. ಹುಡುಗ ಕಳ್ಳನಲ್ಲ, ಪುಂಡನಲ್ಲ, ತಾಯಿ ಬೇಕಾದ ಮಗ. ಇದು ಗೊತ್ತಾದರೆ ಯಾರ ಮನಸ್ಸು ಕರಗುವುದಿಲ್ಲ? ಮಾರಪ್ಪ ಕರಗುತ್ತಾನೆ, ಗಿಡ್ಡಪ್ಪನೂ ಕರಗುತ್ತಾನೆ, ಇಬ್ಬರು ಹುಡುಗರು ಅಣ್ಣತಮ್ಮಂದಿರ ಹಾಗೆ ಒಂದೇ ಬುತ್ತಿ ಉಣ್ಣುತ್ತಾರೆ. ಎಲ್ಲರನ್ನೂ ಒಂದು ಕಡೆ ಕೂಡಿಸಿದರೆ ಆಯಿತು. ತಲೆ ಆಡಿಸಿ ಸುಮ್ಮನಾಗಿದ್ದ ಸಾರಥಿಯ ಗೌಡರು ಎದ್ದು ಕೂತಿದ್ದರು. ಹೆಡ್‌ಮೇಷ್ಟ್ರ ಕಿವಿಯಲ್ಲೊಂದು ಮಾತು ಹಾಕಿ ಟಿ.ಸಿ. ಹರಿದುಹಾಕಿಸಿದ್ದರೆ ಮುಗಿಯುತ್ತಿತ್ತು. ಮುಗಿಯುತ್ತಿತ್ತೋ ಇಲ್ಲವೋ, ಅಷ್ಟು ಕೆಡುತ್ತಿರಲಿಲ್ಲ. ಆದರೆ ಕಟ್ಟೆಯ ಮೇಲೆ ಬೆಳೆದವರಿಗೆ ಕಿವಿಮಾತು ಎಂದರೆ ಚಾಡಿ; ಹತ್ತು ಜನರ ಮುಂದೆ ಆಡಿದರೆ ಮಾತ್ರ ನ್ಯಾಯ. ಹುಡುಗನಿಗೆ ಕೊಟ್ಟ ಮಾತು? ಅದನ್ನು ತಾವು ಮುರಿಯುತ್ತಿಲ್ಲ, ರಾಜಿ ಮಾಡಿಸುತ್ತಿದ್ದೇವೆ ಎಂದುಕೊಂಡರು. ಮೇಷ್ಟ್ರ ಮೇಲೆ ಇಲ್ಲಿ ನನಗೆ ಸಿಟ್ಟು ಬರುತ್ತದೆ, ಈ ಕತೆ ಎಷ್ಟು ಸಲ ಹೇಳಿದರೂ ಬರುತ್ತದೆ.

ಶನಿವಾರ ಅರ್ಧ ದಿನದ ಶಾಲೆ ಬಿಟ್ಟ ಮೇಲೆ ಬೇವಿನ ಮರದ ಕೆಳಗೆ ಜಮಖಾನೆ ಹಾಸಿದರು. ಹೆಡ್‌ಮೇಷ್ಟ್ರು, ನಾಲ್ಕಾರು ಮೇಷ್ಟ್ರುಗಳು, ಭಟ್ಟಿಯಿಂದ ಹಾಗೇ ಬಂದ ಗಿಡ್ಡಪ್ಪ, ಹರಿಹರದಿಂದ ಮಾರಪ್ಪ, ಇಬ್ಬರು ಹುಡುಗರು. ದೂರದಲ್ಲಿ ತಲೆತುಂಬ ಸೆರಗು ಹೊದ್ದು ಮೈಲಮ್ಮ. ಯಾಕೆ ಕರೆಸಿದ್ದಾರೆಂದು ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ತಾಯಿಯನ್ನು ಕಂಡ ಬೋರಣ್ಣನ ಮುಖ ಒಂದು ಗಳಿಗೆ ಅರಳಿತು. ಆಮೇಲೆ ಅವನು ಮೇಷ್ಟ್ರನ್ನು ನೋಡಿದ, ಮುಖ ಬಿಳಿಚಿತು.

ಮೇಷ್ಟ್ರು ಎದ್ದು ನಿಂತರು. ವರ್ಷಗಟ್ಟಲೆ ಬಾಯಿ ಕಟ್ಟಿದ್ದ ಮನುಷ್ಯ ಅಂದು ಅಪ್ಪನ ಹಾಗೆ ಮಾತಾಡಿದರು. ಏಳು ವರ್ಷ, ಹೆಬ್ಬೆರಳ ಗುಳಿ, ಬೆಣ್ಣೆ, ನೀರಿನ ತೊಟ್ಟಿ, ಲ್ಯಾಬೊರೇಟರಿಯ ಹಿಂದೆ ಕೂತು ತಿಂದ ರೊಟ್ಟಿ, ಒಂದನ್ನೂ ಬಿಡಲಿಲ್ಲ. ಡ್ರಿಲ್ ಮೇಷ್ಟ್ರು ಕೂಡ ಕಣ್ಣು ಒರೆಸಿಕೊಂಡರು. ಮುಗಿಸಿದ ಮೇಲೆ ಉಜ್ಜನಪ್ಪ ಮೇಷ್ಟ್ರು ಜೇಬಿನಿಂದ ಎಲೆ ಅಡಿಕೆ ತೆಗೆದು, ರಾಜಿಯಾಯಿತು ಎಂಬಂತೆ ಇಬ್ಬರು ತಂದೆಯರ ಮುಂದೆ ಹಿಡಿದರು.

ಗಿಡ್ಡಪ್ಪ ಕೈ ಚಾಚಲಿಲ್ಲ. ಮೆಲ್ಲಗೆ ಎದ್ದ.

"ಮನಿ ಬಿಟ್ಟು ಹೋದವಳ ರೊಟ್ಟಿಗೆ ನನ್ನ ಮಗ ನಾಯಿಯಂಗ ಕಾದಿದ್ದ ಅಂತ ಇಷ್ಟು ಮಂದಿ ಮುಂದ ಹೇಳಿದ್ರಲ್ರಿ ಮೇಷ್ಟ್ರೇ. ಅವನನ್ನ ಹೊಡೆದಿದ್ರ ಚಲೋ ಇತ್ತು."

ಮಾರಪ್ಪನೂ ತಲೆ ತಗ್ಗಿಸಿ ಎದ್ದ. ಹೆಂಡತಿಯ ಕಡೆ ತಿರುಗಿ, "ನಡಿ" ಎಂದ. ಮೈಲಮ್ಮ ಎರಡು ಹೆಜ್ಜೆ ಮಗನ ಕಡೆ ಇಟ್ಟಿದ್ದಳು. ಗಿಡ್ಡಪ್ಪ ಅಡ್ಡ ನಿಂತ. ಅವಳು ಅಲ್ಲೇ ನಿಂತು, ಆಮೇಲೆ ಗಂಡನ ಹಿಂದೆ ಹೋದಳು. ಸೂರಪ್ಪ ಅಳುತ್ತಿದ್ದ. ಬೋರಣ್ಣ ಅಳಲಿಲ್ಲ, ಮೇಷ್ಟ್ರನ್ನು ಒಂದು ಮಾತು ಬೈಯಲಿಲ್ಲ. ಪರಿಚಯವಿಲ್ಲದವರನ್ನು ನೋಡುವ ಹಾಗೆ ಒಮ್ಮೆ ನೋಡಿ ಅಪ್ಪನ ಹಿಂದೆ ನಡೆದ. ಮೇಷ್ಟ್ರ ಕೈಯಲ್ಲಿ ಎಲೆ ಅಡಿಕೆ ಹಾಗೇ ಉಳಿಯಿತು.

ಸೋಮವಾರ ಅವನು ಶಾಲೆಗೆ ಬರಲಿಲ್ಲ. ಮತ್ತೆಂದೂ ಬರಲಿಲ್ಲ.

ಶಾಲೆ ತಣ್ಣಗಾಯಿತು. ಯಾರ ಬುತ್ತಿಯನ್ನೂ ಯಾರೂ ಕಸಿಯುತ್ತಿರಲಿಲ್ಲ. ದವಾಖಾನೆಗೆ ಹೋಗಿ ಕೂತರೆ ನಮ್ಮ ಮನೆಯ ಮಾತೂ ಬೇವಿನ ಮರದ ಕೆಳಗೆ ಬಂದೀತು ಎಂಬ ಹೆದರಿಕೆಗೆ ಪುಂಡರೆಲ್ಲ ಸಾಧುಗಳಾಗಿದ್ದರು. ಮಾತಿನಿಂದಲೇ ಹುಡುಗರನ್ನು ತಿದ್ದಿದ ಮೇಷ್ಟ್ರು ಎಂದು ಹೆಡ್‌ಮೇಷ್ಟ್ರು ಮೇಲಿನವರಿಗೆ ಹೇಳಿದರು. ಶಾಲೆಯ ವರ್ಷ ಮುಗಿಯುವಾಗ ಇನ್‌ಸ್ಪೆಕ್ಟರ್ ಸಾಹೇಬರು ಬಂದು ಮೇಷ್ಟ್ರಿಗೆ ಹಾರ ಹಾಕಿದರು. ಹಾರದ ಭಾರಕ್ಕೋ ಏನೋ ಅವರು ತಲೆ ಎತ್ತಲಿಲ್ಲ. ನಕಾಶೆಯ ಕೋಣೆಯಲ್ಲಿ ಎರಡು ಸ್ಟೂಲುಗಳು ಹಾಗೇ ಇದ್ದವು. ಸಂಜೆ ಮೇಷ್ಟ್ರು ಒಂದರ ಮೇಲೆ ಕೂರುತ್ತಿದ್ದರು. ಮೊದಲಿನ ಒಂಟಿತನಕ್ಕೆ ಕಾರಣ ವಿಧಿ ಎಂದು ಹೇಳಿಕೊಳ್ಳಬಹುದಿತ್ತು. ಇದು ಅವರೇ ಮಾಡಿಕೊಂಡದ್ದು.

ಅದಕ್ಕೂ ಮೊದಲೇ, ಜನವರಿಯಲ್ಲಿ ಒಂದು ದಿನ ಸೂರಪ್ಪ ಬಂದು ಅವರ ಮೇಜಿನ ಮೇಲೆ ಬಿಳಿ ಅರಿವೆಯ ಗಂಟೊಂದನ್ನು ಇಟ್ಟ.

"ಚಿಕ್ಕವ್ವ ಕೊಟ್ಟಾಳ್ರಿ. ಅವನಿಗೆ" ಎಂದ. ಬಾಗಿಲವರೆಗೆ ಹೋಗಿ ತಿರುಗಿ ಹೇಳಿದ, "ಸ್ಟೇಷನ್‌ಗೆ ಈಗಲೂ ಬರ್ತಾಳ್ರಿ. ಮುಖ ಒರೆಸ್ತಾಳೆ. ಆದ್ರ ನನ್ನ ಹಿಂದ ಯಾರಾರ ಇಳೀತಾರೇನೋ ಅಂತ ನೋಡ್ತಿರ್ತಾಳೆ."

ಮೇಷ್ಟ್ರು ಗಂಟು ಹಿಡಿದು ಭಟ್ಟಿಗಳ ಓಣಿಗೆ ಹೋದರು. ಬೋರಣ್ಣ ಈಗ ಪೂರ್ತಿ ಹೊತ್ತಿನ ಕೆಲಸಗಾರ. ಭಟ್ಟಿಯ ಯಜಮಾನ ಅಬ್ದುಲ್ ರಹೀಮ್ ಸಾಹೇಬರು, "ಬರ್ರಿ, ಕೂಡ್ರಿ" ಎಂದು ಹಲಗೆ ತೋರಿಸಿದರು. ಗಿಡ್ಡಪ್ಪ ಬೆಳಗಿನ ಪಾಳಿ ಮುಗಿಸಿ ಹೋಗಿದ್ದ. ಬೋರಣ್ಣ ಬೆಂಕಿಯ ಮುಂದೆ ಬೆನ್ನು ತಿರುಗಿಸಿ ನಿಂತು ಕಾದ ಮರಳಿನಲ್ಲಿ ಅಕ್ಕಿ ಹುರಿಯುತ್ತಿದ್ದ. ಮೇಷ್ಟ್ರು ಗಂಟನ್ನು ಅವನು ಕಳಚಿಟ್ಟಿದ್ದ ಅಂಗಿಯ ಪಕ್ಕ ಇಟ್ಟು ಹಲಗೆಯ ಮೇಲೆ ಕೂತರು. ತಪ್ಪಾಯಿತು ಎನ್ನಬೇಕೆಂದಿದ್ದರು. ದವಾಖಾನೆಗೆ ಬರುತ್ತಿದ್ದ ಹುಡುಗರ ಬಾಯಲ್ಲಿ ಆ ಮಾತು ಎಷ್ಟು ಹಗುರವಾಗಿತ್ತೆಂಬುದು ನೆನಪಾಗಿ ಸುಮ್ಮನಾದರು. ಗಾಡಿಯ ಹೊತ್ತಾದಾಗ ಎದ್ದು ಹೋದರು.

ಮರುದಿನ ಗಂಟು ಹಲಗೆಯ ಮೇಲಿತ್ತು, ಕಟ್ಟಿದ ಹಾಗೇ. "ಹುಡುಗ ಮುಟ್ಟಲಿಲ್ಲ ಮೇಷ್ಟ್ರೇ" ಎಂದರು ಸಾಹೇಬರು.

ಮೈಲಮ್ಮ ಬುತ್ತಿ ಕಳಿಸುವುದನ್ನು ಬಿಡಲಿಲ್ಲ, ಮೇಷ್ಟ್ರು ಒಯ್ಯುವುದನ್ನು ಬಿಡಲಿಲ್ಲ, ಹುಡುಗ ಮುಟ್ಟಲಿಲ್ಲ. ಹಿಂದಿರುಗಿದ ರೊಟ್ಟಿಯನ್ನು ಬಿಸಾಡಲು ಮನಸ್ಸಾಗದೆ ಮೇಷ್ಟ್ರು ಹರಿಹರದ ಕೋಣೆಯಲ್ಲಿ ಅದನ್ನು ನೀರಿನಲ್ಲಿ ನೆನೆಸಿ ತಿನ್ನುತ್ತಿದ್ದರು. ಯಾರ ಮನೆಯ ರೊಟ್ಟಿಯೋ, ಲಿಂಗವಂತರು ತಿನ್ನುವುದೋ ಎಂದು ಸಾರಥಿಯ ಅತ್ತಿಗೆ ನೋಡಿದ್ದರೆ ಎದೆ ಬಡಿದುಕೊಳ್ಳುತ್ತಿದ್ದಳು. ಅಂಚಿನ ಗುಳಿಯನ್ನು ಮಾತ್ರ ತಿನ್ನುತ್ತಿರಲಿಲ್ಲ. ಅಷ್ಟು ಭಾಗವನ್ನು ಮುರಿದು ಬೆಳಿಗ್ಗೆ ಹೊಳೆಗೆ ಬಿಡುತ್ತಿದ್ದರು.

ಬೇಸಿಗೆ ಹೋಗಿ ಮಳೆಗಾಲ ಬಂತು. ಭಟ್ಟಿಯಲ್ಲಿ ಮೇಷ್ಟ್ರು ಒಂದು ಸಾಮಾನಿನ ಹಾಗಾಗಿದ್ದರು; ಯಾರೂ ಈಗ ತಿರುಗಿ ನೋಡುತ್ತಿರಲಿಲ್ಲ. ಶ್ರಾವಣದ ಒಂದು ಸಂಜೆ ಜಿಟಿಜಿಟಿ ಹಿಡಿದಿತ್ತು. ಸಾಹೇಬರು ನಮಾಜಿಗೆ ಹೋಗಿದ್ದರು, ಉಳಿದ ಆಳುಗಳು ಚಹಾಕ್ಕೆ ಹೋಗಿದ್ದರು. ಬೋರಣ್ಣ ಜರಡಿ ಹಿಡಿದು ಮರಳು ಇಳಿಸುತ್ತಾ, ಬೆನ್ನು ತಿರುಗಿಸಿಕೊಂಡೇ ಕೇಳಿದ:

"ಸಾರ್, ನಿಮಗ ಮನ್ಯಾಗ ಯಾರೂ ಇಲ್ಲೇನ್ರಿ?"

ಎಂಟು ತಿಂಗಳ ಮೇಲೆ ಅವನ ಮೊದಲ ಮಾತು.

"ಇಲ್ಲಪ್ಪ."

"ಯಾಕ?"

ಒಂದೇ ಪದ. ಅದನ್ನು ಸಾರಥಿಯ ತುಂಬಿದ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಮೇಷ್ಟ್ರು ಬಸವಣ್ಣೆಮ್ಮನ ಹೆಸರು ಹೇಳಿದರು. ಆ ಹೆಸರನ್ನು ಬಾಯಿಬಿಟ್ಟು ಹೇಳಿ ಎಷ್ಟು ಕಾಲವಾಗಿತ್ತೆಂದರೆ ತಮ್ಮ ದನಿಯೇ ಅವರಿಗೆ ಹೊಸದಾಗಿ ಕೇಳಿತು. ಆಮೇಲೆ ಹೇಳುತ್ತಾ ಹೋದರು. ಆ ದಿನ ತಾವೆಲ್ಲಿದ್ದರು, ಅವಳು ಏನು ಕೇಳಿದಳು, ತಾವು ಏನು ಹೇಳಿದರು, ಎಲ್ಲವನ್ನೂ. ಅದನ್ನು ಇಲ್ಲಿ ಬರೆಯುವುದಿಲ್ಲ. ಅದು ಕೇಳಿದವನ ಸೊತ್ತು. ಬೋರಣ್ಣ ಜರಡಿಯ ಸದ್ದಾಗದಂತೆ ನಿಧಾನವಾಗಿ ಆಡಿಸುತ್ತಾ ಕೇಳಿದ, ನಡುವೆ ಒಂದು ಮಾತೂ ಆಡಲಿಲ್ಲ. ಸಂಜೆಯ ಗಾಡಿ ಕೂಗಿ ಹೊರಟದ್ದು ಇಬ್ಬರಿಗೂ ಕೇಳಿಸಿತು, ಮೇಷ್ಟ್ರು ಏಳಲಿಲ್ಲ. ಹೇಳಿ ಮುಗಿಸಿದಾಗ ಅವರ ಕೆನ್ನೆ ಒದ್ದೆಯಾಗಿತ್ತು.

ಬೋರಣ್ಣ ಈಗ ಇವರ ಕಡೆ ತಿರುಗಿದ.

"ಇದು ಇಲ್ಲೇ ಇರ್ತೈತೆ ಬಿಡ್ರಿ ಸಾರ್" ಎಂದ.

ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಮೇಷ್ಟ್ರು ಅಷ್ಟು ನೊಂದುಕೊಳ್ಳುತ್ತಿರಲಿಲ್ಲ. ತಾವು ಮುರಿದ ಮಾತನ್ನೇ ಹುಡುಗ ತಮಗೆ ಇಡಿಯಾಗಿ ಕೊಟ್ಟಿದ್ದ. ಮರುದಿನ ಹಲಗೆಯ ಮೇಲೆ ಗಂಟು ಇರಲಿಲ್ಲ. ಒಗೆದು ಮಡಿಸಿದ ಬಿಳಿ ಅರಿವೆ ಮಾತ್ರ ಇತ್ತು. ಮೇಷ್ಟ್ರು ಅದನ್ನು ಸೂರಪ್ಪನ ಕೈಗೆ ಕೊಟ್ಟರು, ಅವನು ಹರಿಹರಕ್ಕೆ ಒಯ್ದು ಮೈಲಮ್ಮನಿಗೆ ಕೊಟ್ಟ.

ಅದರಿಂದ ಎಲ್ಲ ಸರಿಹೋಯಿತೆಂದಲ್ಲ. ಬೋರಣ್ಣ ಶಾಲೆಗೆ ಹಿಂದಿರುಗಲಿಲ್ಲ. ಅವನ ಮತ್ತು ಅವನ ತಾಯಿಯ ನಡುವೆ ಒಂದು ಬುತ್ತಿಯ ಅರಿವೆ ಓಡಾಡಿತು, ಅಷ್ಟೆ. ಮೇಷ್ಟ್ರು ನಕಾಶೆಯ ಕೋಣೆಯಲ್ಲಿ ಕೂರುವುದನ್ನು ಮುಂದುವರಿಸಿದರು. ಹೆದರಿಕೆ ಮರೆಯಲು ಹುಡುಗರಿಗೆ ಎರಡು ಮೂರು ವರ್ಷವೇ ಬೇಕಾಯಿತು. ಆಮೇಲೆ ಒಬ್ಬೊಬ್ಬರಾಗಿ ಬಂದರು. ಅಲ್ಲಿ ಅವರು ಏನು ಹೇಳಿದರೋ, ಹೊರಗಿನ ಯಾರಿಗೂ ತಿಳಿಯಲಿಲ್ಲ. ಹೆಡ್‌ಮೇಷ್ಟ್ರು ಕೇಳಿದರೆ "ಹೂಂ" ಎಂಬುದೊಂದೇ ಉತ್ತರ. ಮತ್ತೆ ಯಾರೂ ಮೇಷ್ಟ್ರಿಗೆ ಹಾರ ಹಾಕಲಿಲ್ಲ. ರೈಲಿನಲ್ಲಿ ಪಕ್ಕದ ಜಾಗ ಖಾಲಿಯೇ ಇತ್ತು, ಕೊಡೆ ಮಲಗಿಯೇ ಇತ್ತು.

ಸಾವಿರದ ಒಂಬೈನೂರ ಅರವತ್ತೇಳರಲ್ಲಿ ಮೇಷ್ಟ್ರು ಹರಿಹರದ ಕೋಣೆಯಲ್ಲಿ ಜ್ವರ ಬಂದು ತೀರಿಕೊಂಡರು. ಸಾರಥಿಗೆ ಒಯ್ದು ಮಣ್ಣು ಮಾಡಿದರು. ಆಮೇಲೆ ಊರಿನವರೂ ನೆಂಟರೂ ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಕೂತರು. ಗಂಡು ಹೆಣ್ಣು ಎನ್ನದೆ ಎಲ್ಲರ ಬಾಯಲ್ಲೂ ಅದೇ ಮಾತು: ಅಷ್ಟು ವರ್ಷ ಒಂಟಿಯಾಗಿದ್ದನಲ್ಲ, ಹೊಟ್ಟೆಯಲ್ಲಿ ಏನು ಇಟ್ಟುಕೊಂಡಿದ್ದನೋ, ಯಾರಿಗೂ ಹೇಳಲಿಲ್ಲ. ದಾವಣಗೆರೆಯಿಂದ ಕರೆಯದೇ ಬಂದಿದ್ದ ಒಬ್ಬ ಎತ್ತರದ ಆಳು ಕಟ್ಟೆಯ ಪಕ್ಕದ ಬೇವಿನ ಮರಕ್ಕೆ ಒರಗಿ ನಿಂತಿದ್ದ, ಬಟ್ಟೆಯಲ್ಲಿ ಹೊಗೆಯ ವಾಸನೆ. ಭಟ್ಟಿಯಲ್ಲಿ ಮೇಷ್ಟ್ರು ದಿನಾ ಹೋಗಿ ಕೂರುತ್ತಿದ್ದದ್ದು ಇವನ ಹತ್ತಿರವೇ ಎಂದು ಯಾರೋ ಹೇಳಿದರು. ಮೇಷ್ಟ್ರ ಅಣ್ಣ ಅವನನ್ನು ಹತ್ತಿರ ಕರೆದ.

"ನಿನ್ನ ಹತ್ರ ಏನಾರ ಹೇಳಿದ್ನೇನಪ್ಪ?"

"ಹೇಳಿದ್ರು" ಎಂದ ಬೋರಣ್ಣ.

ಕಟ್ಟೆಯ ಮೇಲಿದ್ದವರೆಲ್ಲ ಮುಂದಕ್ಕೆ ಬಾಗಿದರು. "ಏನು ಹೇಳಿದ? ಹೇಳಪ್ಪ, ನಾವೆಲ್ಲ ಅವನ ಮನಿಯವರೇ."

ಬೋರಣ್ಣ ಕಟ್ಟೆಯ ಮೇಲೆ ಕೂತವರನ್ನು ಒಬ್ಬೊಬ್ಬರನ್ನಾಗಿ ನೋಡಿದ.

"ಅದು ಅಲ್ಲೇ ಐತ್ರಿ" ಎಂದು ಕೈಮುಗಿದು, ಹರಿಹರದ ದಾರಿ ಹಿಡಿದ.